ಗೋಪಿನಾಥಂ ಎಂಬ ಹೆಸರೂ ಪೈಥಾನ್ 2ರ ನಿರ್ಗಮನವೂ

1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆಯ ಅಂಚಿನಲ್ಲಿ, ಇಂದಿನ ಹನೂರು ತಾಲ್ಲೂಕಿನಲ್ಲಿರುವ ಗೋಪಿನಾಥಂ, ಕನ್ನಡವೂ ತಮಿಳೂ ಬಳಕೆಯಲ್ಲಿರುವ ಗಡಿಯೂರು. ಇಂಥ ಊರಿನ ಹೆಸರನ್ನು ಎರಡು ಲಿಪಿಗಳಲ್ಲಿ ಒಂದೇ ಕಡತದಲ್ಲಿ ಇಡುವುದು ಗಣಕಕ್ಕೆ ಬಹುಕಾಲ ತೊಡಕಿನ ಕೆಲಸವಾಗಿತ್ತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರಗಳ ಸಂಕೇತಗಳ ಮೇಲೆಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದುದರಿಂದ, ಫಾಂಟು ಬದಲಾದೊಡನೆ ಬರಹವೆಲ್ಲ ಅರ್ಥವಿಲ್ಲದ ಚಿಹ್ನೆಗಳಾಗುತ್ತಿತ್ತು. ಪ್ರತಿ ಲಿಪಿಯ ಚಿಹ್ನೆಗಳಿಗೂ ಪ್ರತ್ಯೇಕ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ 1991ರಲ್ಲಿಯೇ ಕನ್ನಡವನ್ನು ಒಳಗೊಂಡಿದ್ದರೂ, ಕರ್ನಾಟಕ ಸರ್ಕಾರ ಅದನ್ನು ಅಧಿಕೃತ ಶಿಷ್ಟತೆಯೆಂದು ಒಪ್ಪಿಕೊಂಡದ್ದು 2012ರಲ್ಲಿ.

ಕ್ರಮವಿಧಿಗಳನ್ನು ಬರೆಯುವ ಭಾಷೆಗಳ ಒಳಗೂ ಇದೇ ತೊಡಕು ಇತ್ತು. ಅಂಥದೊಂದು ಭಾಷೆಯ ಆವೃತ್ತಿಯಾಗಿ 2000ದಲ್ಲಿ ಬಂದ ಪೈಥಾನ್ 2, ಸಾಮಾನ್ಯ ಪಠ್ಯವನ್ನು ಅಕ್ಷರಗಳಾಗಿ ನೋಡದೆ ಬೈಟ್‌ಗಳ, ಎಂದರೆ ಎಂಟು ಬಿಟ್‌ಗಳ ತುಣುಕುಗಳ, ಸಾಲಾಗಿ ನೋಡುತ್ತಿತ್ತು. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕಾಗುವುದರಿಂದ, ‘ಗೋಪಿನಾಥಂ’ ಎಂಬುದರ ಉದ್ದ ಅದರ ಲೆಕ್ಕದಲ್ಲಿ 24. ಬೈಟ್‌ಗಳ ಪಠ್ಯವನ್ನು ಯೂನಿಕೋಡ್ ಪಠ್ಯದೊಡನೆ ಬೆರೆಸಿದರೆ ಇಂಗ್ಲಿಷ್ ಹೆಸರುಗಳು ನಿರಾತಂಕವಾಗಿ ಸಾಗುತ್ತಿದ್ದವು, ಕನ್ನಡದ ಹೆಸರು ಬಂದೊಡನೆ ಕ್ರಮವಿಧಿ ನಿಂತುಬಿಡುತ್ತಿತ್ತು. ಆದ್ದರಿಂದ ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿದವರಿಗೆ ದೋಷವಿದೆಯೆಂಬುದೇ ತಿಳಿಯುತ್ತಿರಲಿಲ್ಲ.

2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3 ಪಠ್ಯವನ್ನೆಲ್ಲ ಯೂನಿಕೋಡ್ ಮಾಡಿತು, ಹೀಗಾಗಿ ಹಳೆಯ ಕ್ರಮವಿಧಿಗಳು ಹಾಗೆಯೇ ಅದರಲ್ಲಿ ನಡೆಯದಾದವು. ಪ್ಯಾಕೇಜುಗಳನ್ನು, ಎಂದರೆ ಇತರರು ತಮ್ಮ ಕೆಲಸದಲ್ಲಿ ಜೋಡಿಸಿಕೊಳ್ಳಬಹುದಾದ ಸಿದ್ಧ ಸಂಹಿತೆಗಳನ್ನು, ನಿರ್ವಹಿಸುವವರು ವರ್ಷಗಟ್ಟಲೆ ಎರಡೂ ಆವೃತ್ತಿಗಳ ಹೊರೆ ಹೊತ್ತರು. ಪೈಥಾನ್ 2ರ ಬೆಂಬಲ ನಿಲ್ಲಿಸಲು ಮೊದಲು 2015ಕ್ಕೆ ಗೊತ್ತಾಗಿದ್ದ ಗಡುವು 2020ಕ್ಕೆ ಹೋಯಿತು. ಜಾಲತಾಣ ಕಟ್ಟುವ ಜಾಂಗೊ 2017ರಲ್ಲಿ, ಗಣಿತದ ನಮ್‌ಪೈ 2019ರಲ್ಲಿ ಹಳೆಯದನ್ನು ಕೈಬಿಟ್ಟವು, 2020ರ ಜನವರಿ 1ರಂದು ಪೈಥಾನ್ ತಂಡವೇ ಪೈಥಾನ್ 2ರ ಬೆಂಬಲವನ್ನು ಮುಗಿಸಿತು. ಬೆಂಬಲ ನಿಂತಿತೆಂದರೆ ಹಳೆಯ ಪ್ರತಿ ಅಳಿಯಿತೆಂದಲ್ಲ: ತನಗೆ ಯಾವ ಆವೃತ್ತಿ ಬೇಕೆಂಬುದನ್ನು ಪ್ಯಾಕೇಜು ಘೋಷಿಸಿದ್ದರೆ, ಅದನ್ನು ಸ್ಥಾಪಿಸುವ ಪಿಪ್ ಎಂಬ ಸಾಧನ ಹಳೆಯ ಪೈಥಾನ್‌ಗೆ ಹೊಂದುವ ಕೊನೆಯ ಪ್ರತಿಯನ್ನೇ ಆಯ್ದುಕೊಡುತ್ತದೆ, ಆದರೆ ಆ ಪ್ರತಿಗೆ ಹೊಸ ತಿದ್ದುಪಡಿಗಳು ಬರುವುದಿಲ್ಲ.

ಈ ನಿರ್ಗಮನವನ್ನು ಬಲವಂತದ ಬದಲಾವಣೆಯೆಂದು ಹಳಿದವರು ಹಲವರು. ಹಳೆಯ ಸಂಹಿತೆಯನ್ನು ತಿದ್ದುವ ಶ್ರಮ ಬಳಕೆದಾರರ ಮೇಲೆಯೇ ಬಿದ್ದುದರಿಂದ ಆ ದೂರು ನಿರಾಧಾರವಲ್ಲ. ಆದರೂ ಕನ್ನಡದ ಮಟ್ಟಿಗೆ ಹೋದದ್ದು ಎಂದೂ ಸರಿಹೊಂದದಿದ್ದ ವ್ಯವಸ್ಥೆ, ಅದನ್ನು ಕೈಬಿಟ್ಟವರು ಕನ್ನಡವನ್ನು ನೆನೆದು ಹಾಗೆ ಮಾಡಲಿಲ್ಲವೆಂಬುದು ಬೇರೆ ಮಾತು. ಪೈಥಾನ್ 3ರಲ್ಲಿ ಗೋಪಿನಾಥಂನ ಉದ್ದ 8, ಏಕೆಂದರೆ ಅದು ಸ್ವರಚಿಹ್ನೆ, ಅನುಸ್ವಾರಗಳನ್ನೂ ಬೇರೆಯಾಗಿ ಎಣಿಸುತ್ತದೆ. ಓದುಗನ ಕಣ್ಣಿಗೆ ಕಾಣುವ ನಾಲ್ಕು ಅಕ್ಷರಗಳನ್ನು ಪಡೆಯಲು ಯೂನಿಕೋಡಿನ ಅಕ್ಷರಗುಚ್ಛ ನಿಯಮವನ್ನು ಅಳವಡಿಸಿದ ಬೇರೊಂದು ಪ್ಯಾಕೇಜು ಬೇಕು. ಒತ್ತಕ್ಷರಗಳನ್ನು ಒಡೆಯದೆ ಉಳಿಸುವ ಉಪನಿಯಮ 2023ರ ಯೂನಿಕೋಡ್ 15.1ರಲ್ಲಿ ತೆಲುಗು, ಮಲಯಾಳಂ ಸೇರಿದಂತೆ ಆರು ಲಿಪಿಗಳಿಗೆ ದೊರೆತಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ, ಆದ್ದರಿಂದ ಆ ನಿಯಮದ ಪ್ರಕಾರ ಕೊಳ್ಳೇಗಾಲ ನಾಲ್ಕಕ್ಷರದ ಊರಲ್ಲ, ಐದಕ್ಷರದ್ದು.