ಕಬ್ಬಿಣವಿಲ್ಲದ ಕಬ್ಬಿಣದ ನೂಲು

ಜರ್ಮನ್ ಭಾಷೆಯ ‘ಐಸೆನ್‌ಗಾರ್ನ್’ ಎಂಬ ಪದಕ್ಕೆ ಕಬ್ಬಿಣದ ನೂಲು ಎಂದರ್ಥ. ಆದರೆ ಆ ನೂಲಿನಲ್ಲಿ ಕಬ್ಬಿಣ ಲವಲೇಶವೂ ಇಲ್ಲ. ಹತ್ತಿಯ ನೂಲನ್ನು ಗಂಜಿ ಮತ್ತು ಪ್ಯಾರಾಫಿನ್ ಮೇಣದಲ್ಲಿ ನೆನೆಸಿ, ಬಿಗಿಯಾಗಿ ಎಳೆದು, ಉಕ್ಕಿನ ಉರುಳೆ ಮತ್ತು ಬ್ರಷ್‌ಗಳಿಂದ ಉಜ್ಜಿ ಹೊಳಪೇರಿಸಿದರೆ ದೊರೆಯುವ ಗಟ್ಟಿ ಎಳೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಿದ್ದ ಹೆಸರದು. ಗಾಳಿಪಟದ ಮಾಂಜಾ ತಯಾರಿಸಿದವರಿಗೆ, ಗಂಜಿ ಹಾಕಿದ ಹತ್ತಿ ಸೀರೆಯ ಬಿಗುವನ್ನು ಬಲ್ಲವರಿಗೆ ಇದರ ತತ್ತ್ವ ಹೊಸದೇನಲ್ಲ. ಷೂ ಲೇಸಿಗೂ ಬಳಕೆಯಾಗುತ್ತಿದ್ದ ಈ ಸಾಮಾನ್ಯ ನೂಲು ಇಪ್ಪತ್ತನೆಯ ಶತಮಾನದ ಅತ್ಯಂತ ಪ್ರಸಿದ್ಧ ಕುರ್ಚಿಯೊಂದರ ಮೈಯಾಯಿತು. ಮುಂದೆ ಅದೇ ಕುರ್ಚಿಯಿಂದ ಮಾಯವೂ ಆಯಿತು.

ಆ ಕುರ್ಚಿ ಮಾರ್ಸೆಲ್ ಬ್ರಾಯರ್ ಅವರದು. ಬೌಹೌಸ್ ಕಲಾಶಾಲೆ ವೈಮಾರ್‌ನಿಂದ ಡೆಸ್ಸಾವ್ ನಗರಕ್ಕೆ ಬಂದ 1925ರಲ್ಲಿ, ಸೈಕಲ್ಲಿನ ಹ್ಯಾಂಡಲ್ಲಿನಿಂದ ಪ್ರೇರಣೆ ಪಡೆದು, ಬಾಗಿಸಿದ ಉಕ್ಕಿನ ಕೊಳವೆಗಳಿಂದ ಅವರು ರೂಪಿಸಿದ ‘ಬಿ3’. ಕೊಳವೆಗಳ ನಡುವೆ ಬಿಗಿದ ಪಟ್ಟಿಗಳೇ ಅದರ ಆಸನ, ಬೆನ್ನು, ತೋಳು. ಇಂದು ಚಿತ್ರಗಳಲ್ಲಿ ಕಾಣುವ ಈ ಕುರ್ಚಿಗೆ ಸಾಮಾನ್ಯವಾಗಿ ಕಪ್ಪು ಚರ್ಮದ ಪಟ್ಟಿಗಳಿರುತ್ತವೆ. ನೋಡುವವರು ಅದೇ ಮೂಲರೂಪವೆಂದು ನಂಬುತ್ತಾರೆ. ಆದರೆ ಬ್ರಾಯರ್ ಮೊದಲು ಬಿಗಿದದ್ದು ಬಟ್ಟೆಯನ್ನು. 1960ರ ದಶಕದಲ್ಲಿ ಇಟಲಿಯ ಗವೀನಾ ಸಂಸ್ಥೆ ಇದನ್ನು ಪುನಃ ತಯಾರಿಸತೊಡಗಿದಾಗ ಚರ್ಮಕ್ಕೆ ಪ್ರಾಶಸ್ತ್ಯ ಬಂತು. ‘ವಾಸಿಲಿ’ ಎಂಬ ಹೆಸರು ಬಂದದ್ದೂ ಆಗಲೇ. ಚಿತ್ರಕಾರ ವಾಸಿಲಿ ಕಾಂಡಿನ್ಸ್ಕಿ ಅದನ್ನು ಮೆಚ್ಚಿಕೊಂಡಿದ್ದರು, ಬ್ರಾಯರ್ ಅವರಿಗೊಂದು ಮಾಡಿಕೊಟ್ಟಿದ್ದರು, ಅಷ್ಟೇ ಸಂಬಂಧ.

ಕುಳಿತವರ ಹೆಸರು ಕುರ್ಚಿಗೆ ಉಳಿಯಿತು. ನೇಯ್ದವರ ಹೆಸರು?

ಬೌಹೌಸ್ 1919ರಲ್ಲಿ ಸ್ತ್ರೀಪುರುಷರಿಬ್ಬರಿಗೂ ಬಾಗಿಲು ತೆರೆದಿತ್ತೇನೋ ನಿಜ. ಆದರೆ ಬಂದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರನ್ನು ನೇಯ್ಗೆಯ ಕಮ್ಮಟದ ಕಡೆಗೇ ತಿರುಗಿಸಲಾಯಿತು. ಅಲ್ಲಿ ಗುಂಟಾ ಷ್ಟೊಲ್ಜಲ್ ಅವರ ಬಳಿ ಕಲಿತ ಗ್ರೇಟೆ ರೈಖಾರ್ಟ್ ಎಂಬ ವಿದ್ಯಾರ್ಥಿನಿ, ಕಬ್ಬಿಣದ ನೂಲಿನ ಬಟ್ಟೆ ಉಕ್ಕಿನ ಕುರ್ಚಿಗೆ ತಕ್ಕಂತೆ ಬಾಳಿಕೆ ಬರುವ ಹಾಗೆ ಅದನ್ನು ಸುಧಾರಿಸಿದರು. ಮೈಭಾರಕ್ಕೆ ಜೋತುಬೀಳದ, ಸವೆತಕ್ಕೆ ಬಗ್ಗದ, ಉಕ್ಕಿನ ಹೊಳಪಿಗೆ ಸರಿಗಟ್ಟುವ ಬಟ್ಟೆಯದು. ಮೆತ್ತೆಯೇ ಇಲ್ಲದ ಆಸನ ಸಾಧ್ಯವಾದದ್ದರಲ್ಲಿ ಕೊಳವೆಗೆ ಎಷ್ಟು ಪಾಲಿದೆಯೋ ಬಟ್ಟೆಗೂ ಅಷ್ಟೇ ಪಾಲಿದೆಯೆಂದು ನನ್ನ ಎಣಿಕೆ. ಬಟ್ಟೆ ಹೋಗಿ ಚರ್ಮ ಬಂದಾಗ ಕುರ್ಚಿಯ ಅಂದ ಕೆಡಲಿಲ್ಲ. ಆದರೆ ಒಂದು ಕಮ್ಮಟದ ದುಡಿಮೆಯೇ ಅದರ ಮೈಮೇಲಿಂದ ಅಳಿಸಿಹೋಯಿತು.

ಆದ್ದರಿಂದಲೇ ಹಳೆಯ ಕುರ್ಚಿಯೊಂದು ಎದುರಾದಾಗ ಅದರ ಹೊದಿಕೆ ಯಾವುದೆಂದು ಗುರುತಿಸುವುದು ಬರಿಯ ವ್ಯಾಪಾರಿಗಳ ಕುತೂಹಲವಲ್ಲ. ಕಬ್ಬಿಣದ ನೂಲಿನ ಬಟ್ಟೆ ದೂರದಿಂದ ಚರ್ಮದಂತೆ, ಕೆಲವೊಮ್ಮೆ ರೆಕ್ಸಿನ್ನಿನಂತೆ ಮಿನುಗುತ್ತದೆ. ಭೂತಗನ್ನಡಿ ಹಿಡಿದರೆ ಹಾಸುಹೊಕ್ಕು ಸ್ಪಷ್ಟವಾಗುತ್ತದೆ. ಚರ್ಮಕ್ಕೆ ರೋಮರಂಧ್ರಗಳಿರುತ್ತವೆ, ಅದರ ಹಿಂಬದಿ ಒರಟು. ರೆಕ್ಸಿನ್ನಿನ ಹಿಂಬದಿಯಲ್ಲಿ ಬೇರೆಯದೇ ಬಟ್ಟೆಯ ಪದರ ಇಣುಕುತ್ತದೆ. ತಾನಾಗಿ ಉದುರಿದ ಎಳೆಯೇನಾದರೂ ಸಿಕ್ಕರೆ ಕಿಡಿ ತಾಗಿಸಿ ನೋಡಬಹುದು: ಹತ್ತಿ ಕಾಗದ ಸುಟ್ಟಂತೆ ನಾರುತ್ತದೆ, ಚರ್ಮ ಕೂದಲು ಸುಟ್ಟಂತೆ. ಕುರ್ಚಿಯಿಂದ ಎಳೆ ಕಿತ್ತು ಪರೀಕ್ಷಿಸುವುದು ಮಾತ್ರ ಸಲ್ಲದು.

ಡೆನ್ಮಾರ್ಕಿನ ಕುರ್ಚಿಗಳಲ್ಲಿ ಕಣ್ಣು ಮೋಸಹೋಗುವ ಬಗೆ ಬೇರೆ. ಬೋರ್ಗ್ ಮೋಗೆನ್ಸೆನ್ ಅವರ 1947ರ ‘ಜೆ39’, ಹಾನ್ಸ್ ವೆಗ್ನರ್ 1949ರಲ್ಲಿ ರೂಪಿಸಿದ ‘ವೈ’ ಕುರ್ಚಿ, ಇವುಗಳ ಆಸನವನ್ನು ಹುಲ್ಲಿನ ಹುರಿಯೆಂದೋ ಸೆಣಬೆಂದೋ ಭಾವಿಸುವವರು ಬಹಳ. ನಿಜಕ್ಕೂ ಅದು ಕಾಗದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಡಲ ಹುಲ್ಲಿನ ಹುರಿ ದುರ್ಲಭವಾದಾಗ, ಕಾಗದವನ್ನು ಹೊಸೆದು ಮಾಡಿದ ಬದಲಿ ಹುರಿ ಇದು. ಒಂದು ‘ವೈ’ ಕುರ್ಚಿಗೆ ಸುಮಾರು 120 ಮೀಟರ್ ಬೇಕು, ಅಷ್ಟನ್ನೂ ಕೈಯಲ್ಲೇ ಹೆಣೆಯಬೇಕು. ತುದಿಯನ್ನು ಮೆಲ್ಲನೆ ಬಿಚ್ಚಿದರೆ ಮೂರು ಎಳೆಗಳು, ಎಳೆಯನ್ನು ಬಿಚ್ಚಿದರೆ ಚಪ್ಪಟೆಯಾದ ಕಾಗದದ ಪಟ್ಟಿ. ಹುಲ್ಲು ಹಾಗೆ ಬಿಚ್ಚಿಕೊಳ್ಳುವುದಿಲ್ಲ. ಯುದ್ಧ ಮುಗಿದ ಮೇಲೂ ಬದಲಿ ವಸ್ತುವೇ ಉಳಿದು, ಅದನ್ನೇ ಈಗ ಡೆನ್ಮಾರ್ಕಿನ ಪರಂಪರೆಯೆನ್ನುತ್ತಾರೆ.

ಈ ಪ್ರಶ್ನೆ ನಮ್ಮ ದೇಶಕ್ಕೆ ಬರುವುದು ಚಂಡೀಗಢದ ದಾರಿಯಿಂದ. 1951ರಿಂದ 1965ರವರೆಗೆ ಅಲ್ಲಿದ್ದ ಪಿಯರ್ ಜನ್ನರೆ ಹೊಸ ನಗರದ ಕಚೇರಿ, ನ್ಯಾಯಾಲಯ, ವಿಶ್ವವಿದ್ಯಾಲಯಗಳಿಗಾಗಿ ತೇಗ ಮತ್ತು ಬೆತ್ತದ ಕುರ್ಚಿಗಳನ್ನು ಮಾಡಿಸಿದರು. ವಾಸ್ತುಶಿಲ್ಪಿ ಯೂಲಿ ಚೌಧರಿಯವರ ಪಾಲೂ ಆ ಕೆಲಸದಲ್ಲಿತ್ತು. ದಶಕಗಳ ನಂತರ ಅವು ಗುಜರಿಯಂತೆ ಹರಾಜಾಗಿ, ಯುರೋಪಿನಲ್ಲಿ ದುಬಾರಿ ಕಲಾವಸ್ತುಗಳಾದ ಕಥೆ ಪತ್ರಿಕೆಗಳಲ್ಲಿ ಬಂದಿದೆ; 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಮಾರಾಟಕ್ಕೆ ತಡೆ ಹಾಕಿತು. ಸರ್ಕಾರಿ ನೌಕರನಾದ ನನಗೆ ಇದರಲ್ಲಿ ಅಚ್ಚರಿಯೇನೂ ಇಲ್ಲ. ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ‘ಕುರ್ಚಿ, ಬೆತ್ತದ್ದು, ಒಂದು’ ಎಂದಷ್ಟೇ ಬರೆಯುತ್ತೇವೆ. ಯಾರು ರೂಪಿಸಿದರು, ಯಾರು ಹೆಣೆದರು ಎಂಬುದಕ್ಕೆ ಅಲ್ಲಿ ಕಾಲಂ ಇಲ್ಲ.

ಹರಾಜಿನ ಕ್ಯಾಟಲಾಗಿನಲ್ಲಿ ಜನ್ನರೆಯವರ ಹೆಸರಿಗಾದರೂ ಜಾಗವಿದೆ; ಹೆಣೆದವರು ಅಲ್ಲಿಯೂ ಅನಾಮಿಕರು. ಮಾರಾಟಕ್ಕೆ ಮುನ್ನ ಹಳೆಯ ಬೆತ್ತ ಕಿತ್ತು ಹೊಸತು ಹಾಕಿದರೆ ಅವರ ಕೊನೆಯ ಗುರುತೂ ಹೋಗುತ್ತದೆ. ಹಳೆಯ ಹೆಣಿಗೆಯನ್ನು ತಿಳಿಯುವುದು ಕಷ್ಟವಲ್ಲ. ಕೈಹೆಣಿಗೆಯಾದರೆ ಚೌಕಟ್ಟಿನ ಸುತ್ತ ಕೊರೆದ ಸಾಲು ರಂಧ್ರಗಳಿರುತ್ತವೆ. ಯಂತ್ರದಲ್ಲಿ ಹೆಣೆದು ತಂದ ಜಾಲರಿಯಾದರೆ ಗಾಡಿ ತೋಡಿ, ಅದರೊಳಕ್ಕೆ ಅಂಚನ್ನು ತುರುಕಿರುತ್ತಾರೆ. ಅಸಲು ಬೆತ್ತದ ಎಳೆಯಲ್ಲಿ ಅಲ್ಲಲ್ಲಿ ಗೆಣ್ಣಿನ ಗುರುತು ಕಾಣುತ್ತದೆ, ಮೇಲ್ಮುಖ ನುಣುಪಾಗಿದ್ದರೆ ಒಳಮುಖ ಮಂಕು, ಪ್ಲಾಸ್ಟಿಕ್ಕಿಗೆ ಗೆಣ್ಣಿಲ್ಲ.

ನಿಮ್ಮ ಮನೆಯಲ್ಲೋ ಕಚೇರಿಯಲ್ಲೋ ಅಂಥ ಕುರ್ಚಿಯಿದ್ದು ಬೆತ್ತ ಹರಿದಿದ್ದರೆ, ಕುಶಲಕರ್ಮಿ ಕತ್ತರಿ ಹಾಕುವ ಮೊದಲು ಹೆಣಿಗೆಯ ಎರಡು ಬದಿಯ ಫೋಟೋ ತೆಗೆದುಕೊಳ್ಳಿ. ಕಿತ್ತ ಬೆತ್ತದಲ್ಲಿ ಗೇಣುದ್ದದ ತುಂಡನ್ನು ಲಕೋಟೆಗೆ ಹಾಕಿ, ತಾರೀಖು ಮತ್ತು ಹೊಸದಾಗಿ ಹೆಣೆದವರ ಹೆಸರು ಬರೆದು, ಆಸನದ ಅಡಿಗೆ ಕಟ್ಟಿಡಿ.