ಕೇಳಿ ಕಲಿತವರ ಗ್ರಂಥ

ಶ್ರಾವಣ ಮಾಸ ಬಂತೆಂದರೆ ನಮ್ಮ ಕುಷ್ಟಗಿ, ಯಲಬುರ್ಗಾ ಸೀಮೆಯ ಊರುಗಳ ಗುಡಿ-ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಊರೆಲ್ಲ ಕುಳಿತು ಕೇಳುತ್ತದೆ. ಅಕ್ಷರವರಿಯದ ನನ್ನ ತಾಯಿಗೆ ಬಸವಪುರಾಣದ ಪ್ರಸಂಗಗಳು ಬಾಯಿಪಾಠವಾಗಿದ್ದುದು ಹೀಗೆಯೇ. ಇದನ್ನೆಲ್ಲ ಕಂಡು ಬೆಳೆದ ನಾನೇ 1984ರಲ್ಲಿ, ಈ ಭಾಗದ ಪ್ರೌಢಶಾಲೆಯೊಂದರಲ್ಲಿ ಯುರೋಪಿನ ಮತಸುಧಾರಣೆಯ ಪಾಠ ಹೇಳುತ್ತ, “ಪ್ರೊಟೆಸ್ಟೆಂಟರು ಬೈಬಲ್ ಓದುತ್ತಾರೆ, ಕಥೋಲಿಕರು ಓದುವುದಿಲ್ಲ” ಎಂದುಬಿಟ್ಟೆ.

ಕೊನೆಯ ಸಾಲಿನಲ್ಲಿ ಮುದಗಲ್ಲಿನ ಕಡೆಯ ಹುಡುಗಿಯೊಬ್ಬಳು ಕುಳಿತಿದ್ದಳು. ಎದ್ದು ನಿಂತು, “ನಮ್ಮಜ್ಜಿಗೆ ಓದಾಕ ಬರೂದಿಲ್ರೀ ಸರ್, ಆದ್ರ ಯೇಸುಸ್ವಾಮಿ ಶಿಲುಬಿ ಕಥಿ ಪೂರ್ತಿ ಹೇಳ್ತಾಳ್ರೀ” ಎಂದಳು. ತರಗತಿ ನಕ್ಕಿತು. ನಾನೂ ನಕ್ಕು ಪಾಠ ಮುಂದುವರಿಸಿದೆ. ಆ ನಗು ಇಂದಿಗೂ ನನ್ನನ್ನು ಕಾಡುತ್ತದೆ.

ಮುದಗಲ್ಲು ನಮಗೆ ದೂರದ ಊರೇನಲ್ಲ. ಕುಷ್ಟಗಿಯಿಂದ ಲಿಂಗಸುಗೂರಿನ ಕಡೆ ಹೋಗುವ ದಾರಿಯಲ್ಲಿದೆ. 1997ರಲ್ಲಿ ಕೊಪ್ಪಳ ಜಿಲ್ಲೆ ಬೇರೆಯಾಗುವವರೆಗೆ ನಾವೆಲ್ಲ ಒಂದೇ ರಾಯಚೂರು ಜಿಲ್ಲೆಯವರು. ಅಲ್ಲಿ 1557ಕ್ಕೂ ಮೊದಲೇ ಯೇಸುಸಭೆಯ ಪಾದ್ರಿಗಳು ಇಗರ್ಜಿ ಕಟ್ಟಿದ್ದರೆಂದು ನಿಜಾಮರ ಕಾಲದ ವಿವರಣೆಗಳು ಹೇಳುತ್ತವೆ. ಅವುಗಳಲ್ಲೇ ಇನ್ನೊಂದು ಸಂಗತಿಯಿದೆ. ಅಲ್ಲಿಯ ಕ್ರೈಸ್ತರ ಬಳಿ ಕನ್ನಡಕ್ಕೆ ಅನುವಾದವಾದ ಹಲವು ಧಾರ್ಮಿಕ ಗ್ರಂಥಗಳಿದ್ದವಂತೆ. ತಂದೆಯಿಂದ ಮಗನಿಗೆ, ಹೀಗೆ ಸುಮಾರು ಎರಡು ಶತಮಾನ ಅವು ಕೈಯಿಂದ ಕೈಗೆ ಬಂದಿದ್ದವಂತೆ. ಓದದ ಜನ ಗ್ರಂಥಗಳನ್ನು ಇನ್ನೂರು ವರ್ಷ ಕಾಪಾಡುತ್ತಾರೆಯೇ?

ಆದರೂ ನನ್ನ ಮಾತಿನಲ್ಲಿ ಅರ್ಧ ಸತ್ಯವಿತ್ತೆಂಬುದನ್ನು ಮರೆಮಾಚಬಾರದು. 1546ರಲ್ಲಿ ಟ್ರೆಂಟ್ ಮಹಾಸಭೆಯು ಲ್ಯಾಟಿನ್ ಬೈಬಲನ್ನೇ ಪ್ರಮಾಣವೆಂದು ಸಾರಿತು. 1564ರ ನಿಯಮದಂತೆ ದೇಶಭಾಷೆಯ ಬೈಬಲ್ ಓದಲು ಧರ್ಮಾಧಿಕಾರಿಗಳ ಅನುಮತಿ ಬೇಕಾಯಿತು. ಆದುದರಿಂದ ಪಾದ್ರಿಗಳು ಮೊದಲು ಬರೆದದ್ದು ಬೈಬಲಿನ ಅನುವಾದವನ್ನಲ್ಲ, ಧರ್ಮೋಪದೇಶದ ಪುಸ್ತಕಗಳನ್ನು. 17ನೆಯ ಶತಮಾನದ ನಡುವೆ ಮೈಸೂರು ಸೀಮೆಗೆ ಬಂದ ಲಿಯೊನಾರ್ಡೊ ಚಿನ್ನಮಿ ಕನ್ನಡ ವ್ಯಾಕರಣದೊಡನೆ ಅಂತಹ ಪುಸ್ತಕವನ್ನೂ ರಚಿಸಿದನು. ಇತ್ತ ನಮ್ಮ ನೆರೆಯ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅನುವಾದಕ್ಕೇ ಕೈಹಾಕಿದನು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಂದಿತು. ಪ್ರೊಟೆಸ್ಟೆಂಟರ ಮನೆಗೆ ಪುಸ್ತಕ ಬಂದ ಕಾಲದಲ್ಲಿ ಕಥೋಲಿಕರ ಮನೆಯಲ್ಲಿದ್ದುದು ಬಹುಮಟ್ಟಿಗೆ ಕಥೆ, ಪ್ರಾರ್ಥನೆ ಮತ್ತು ಹಾಡು.

ಬಾಗಿಲು ಪೂರ್ತಿ ತೆರೆದದ್ದು 20ನೆಯ ಶತಮಾನದಲ್ಲಿ. 1943ರಲ್ಲಿ ಹನ್ನೆರಡನೆಯ ಪಿಯುಸ್ ಪೋಪರು ಮೂಲಭಾಷೆಗಳಿಂದ ಬೈಬಲ್ ಅಧ್ಯಯನ ಮಾಡುವುದನ್ನು ಪ್ರೋತ್ಸಾಹಿಸಿದರು. 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಎಟುಕಬೇಕೆಂದು ಘೋಷಿಸಿತು. ಲ್ಯಾಟಿನ್ನಿನ ಪೂಜೆ ಕನ್ನಡಕ್ಕೆ ಬಂತು. 1967ರಲ್ಲಿ ಬೆಂಗಳೂರಿನಲ್ಲಿ ಬೈಬಲ್, ಧರ್ಮೋಪದೇಶ ಮತ್ತು ಪೂಜಾವಿಧಿಗಳ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು. 1969ರಲ್ಲಿ ಪ್ರಕಟವಾದ ವಾಚನಕ್ರಮದಂತೆ ಭಾನುವಾರದ ಪೂಜೆಯಲ್ಲಿ ಮೂರು ವಾಚನಗಳು, ನಡುವೆ ಒಂದು ಕೀರ್ತನೆ. ಮತ್ತಾಯ, ಮಾರ್ಕ, ಲೂಕರ ಶುಭಸಂದೇಶಗಳು ವರ್ಷಕ್ಕೊಂದರಂತೆ ಮೂರು ವರ್ಷದಲ್ಲಿ ಒಂದು ಸುತ್ತು ಬರುತ್ತವೆ. ಯೊವಾನ್ನನದು ಮುಖ್ಯವಾಗಿ ತಪಸ್ಸುಕಾಲ ಮತ್ತು ಪಾಸ್ಖ ಕಾಲಗಳಲ್ಲಿ. ಪ್ರೊಟೆಸ್ಟೆಂಟರ ಬೈಬಲಿನಲ್ಲಿ 66 ಗ್ರಂಥಗಳಾದರೆ ಇವರದರಲ್ಲಿ 73.

ಅರ್ಥ ಮಾಡಿಕೊಳ್ಳುವ ಬಗೆಯಲ್ಲಿಯೂ ಒಂದು ವಿಶೇಷವಿದೆ. ಇವರು ಗ್ರಂಥವನ್ನು ಪರಂಪರೆಯಿಂದಲೂ ಧರ್ಮಸಭೆಯ ಬೋಧನೆಯಿಂದಲೂ ಬೇರ್ಪಡಿಸಿ ಓದುವುದಿಲ್ಲ. ಜೊತೆಗೆ, ಬರೆದವನ ಕಾಲ, ಉದ್ದೇಶ ಮತ್ತು ಸಾಹಿತ್ಯಪ್ರಕಾರಗಳನ್ನು ಅರಿತು ಓದಬೇಕೆಂದು 1965ರ ಆ ಘೋಷಣೆಯೇ ಹೇಳುತ್ತದೆ. ಕನ್ನಡ ಮೇಷ್ಟ್ರಾದ ನನಗೆ ಇದು ಸಹಜವಾಗಿ ಕಂಡಿತು. ಕೊಪ್ಪಳದ ಗವಿಮಠದ ಅಶೋಕನ ಶಾಸನವನ್ನು ಓದಿದಂತೆ ಅಕ್ಕನ ವಚನವನ್ನು ಓದಲಾದೀತೇ? ಒಂದು ರಾಜಾಜ್ಞೆ, ಇನ್ನೊಂದು ಅಂತರಂಗದ ಮೊರೆ.

ನಿವೃತ್ತಿಯಾದ ಮೇಲೆ ಒಂದು ಭಾನುವಾರ ಹಳೆಯ ಸಹೋದ್ಯೋಗಿಯೊಬ್ಬರೊಡನೆ ಮುದಗಲ್ಲಿನಲ್ಲಿ ಪೂಜೆಗೆ ಹೋಗಿದ್ದೆ. ಯುವತಿಯೊಬ್ಬಳು ಹಳೆಯ ಒಡಂಬಡಿಕೆಯ ಭಾಗವನ್ನು ಸ್ಪಷ್ಟವಾಗಿ ಓದಿದಳು. ಗುರುಗಳು ಶುಭಸಂದೇಶ ಓದುವಾಗ ಎಲ್ಲರೂ ಎದ್ದು ನಿಂತರು. ಅನಂತರ ಕುಳಿತು ಪ್ರಬೋಧನೆ ಕೇಳಿದರು. ಮುಂದಿನ ಸಾಲಿನಲ್ಲಿದ್ದ ಮುದುಕಿಯರ ಕೈಯಲ್ಲಿ ಪುಸ್ತಕವಿರಲಿಲ್ಲ. ಒಬ್ಬರು ಓದುವುದು, ಒಬ್ಬರು ಅರ್ಥ ಹೇಳುವುದು, ಊರು ಕೇಳುವುದು: ಅದು ನಮ್ಮೂರ ಶ್ರಾವಣದ ಕ್ರಮವೇ ಆಗಿತ್ತು. ನನ್ನ ತಾಯಿ ಬಸವಪುರಾಣ ಬಲ್ಲವಳೆಂದು ಹೆಮ್ಮೆಪಡುತ್ತಿದ್ದ ನಾನು, ಆ ಹುಡುಗಿಯ ಅಜ್ಜಿ ಬೈಬಲ್ ಬಲ್ಲವಳೆಂದು ಒಪ್ಪದೆ ಹೋಗಿದ್ದೆ.

ಮರುದಿನವೇ ತರಗತಿಯಲ್ಲಿ ನನ್ನ ಮಾತನ್ನು ತಿದ್ದಿಕೊಂಡೆನೆಂದು ಬರೆಯುವ ಆಸೆ. ಆದರೆ ತಿದ್ದಿಕೊಳ್ಳಲಿಲ್ಲ, ಆ ವರ್ಷ ಮುಗಿದು ಮಕ್ಕಳು ಚದುರಿಹೋದರು. ವಿದ್ಯಾರ್ಥಿಗಳ ತಪ್ಪುಗಳಿಗೆ ಜೀವನವಿಡೀ ಕೆಂಪು ಶಾಯಿ ಸುರಿದವನು ನಾನು. ತಡವಾಗಿಯಾದರೂ ಈ ಬರಹ ನನ್ನ ತಪ್ಪಿಗೆ ನಾನೇ ಹಾಕಿಕೊಂಡ ಕೆಂಪು ಗೆರೆ.