ಚಿಂಚೋಳಿಯ ಅರಣ್ಯವೂ ನಾಗಾವಿಯ ದತ್ತಿಯೂ

ಲೋಕಹಿತಕ್ಕೆಂದು ಒಂದು ಭೂಮಿಯನ್ನು ಮೀಸಲಿಡುವುದು ಒಂದು ಆಜ್ಞಾಪತ್ರದಿಂದ ಆಗತಕ್ಕ ಕಾರ್ಯವು. ಹಾಗೆ ಮೀಸಲಿಟ್ಟುದನ್ನು ಕಾಪಾಡುವುದು ತಲೆತಲಾಂತರಕ್ಕೆ ಸೇರಿದ ಕಾರ್ಯವು. ಮೊದಲನೆಯದರಿಂದ ಕೀರ್ತಿ ಬರುವುದು. ಎರಡನೆಯದಕ್ಕೆ ವರ್ಷವರ್ಷವೂ ಹಣ ಬೇಕಾಗುವುದು. ಈ ಭೇದವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಸಾಕ್ಷಿಯುಂಟು.

ಚಿತ್ತಾಪುರದ ಮಗ್ಗುಲಲ್ಲಿರುವ ನಾಗಾವಿಯ ಅರವತ್ತು ಕಂಬದ ಗುಡಿಯನ್ನು ವಾಚಕರಲ್ಲಿ ಅನೇಕರು ಕಂಡಿರುವರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಒಂದನೆಯ ಸೋಮೇಶ್ವರನ ಆಳಿಕೆಯಲ್ಲಿ, ಕ್ರಿ. ಶ. 1058ರಲ್ಲಿ, ದಂಡನಾಯಕ ಮಧುಸೂದನನು ಇಲ್ಲಿ ಘಟಿಕಾಶಾಲೆಯನ್ನು ನೆಲೆಗೊಳಿಸಿದ ವೃತ್ತಾಂತವು ಶಿಲಾಶಾಸನದಿಂದ ತಿಳಿದುಬರುವುದು. ಇಲ್ಲಿಯ ಶಾಸನಗಳನ್ನು ನಿಜಾಮ ಸರಕಾರದ ಪುರಾತತ್ತ್ವ ಇಲಾಖೆಯವರು 1928ರಲ್ಲಿ ಪ್ರಕಟಿಸಿದರು. ವೇದಾಧ್ಯಯನಕ್ಕೆ 200 ಮಂದಿ ವಿದ್ಯಾರ್ಥಿಗಳು, ಶಾಸ್ತ್ರಾಧ್ಯಯನಕ್ಕೆ 50ರಷ್ಟು ಮಂದಿ, ಅವರಿಗೆ ಪಾಠ ಹೇಳುವ ಆಚಾರ್ಯರು, ಗ್ರಂಥಗಳನ್ನು ಕಾಯುವ 6 ಮಂದಿ ಸರಸ್ವತೀಭಾಂಡಾರಿಗರು! ಆದರೆ ನಮಗೆ ಇಲ್ಲಿ ಮುಖ್ಯವಾದುದು ಈ ಸಂಖ್ಯೆಯ ವೈಭವವಲ್ಲ. ದಾತನು ಶಾಲೆಯನ್ನು ಕಟ್ಟಿಸಿ ಕೈತೊಳೆದುಕೊಳ್ಳಲಿಲ್ಲ. ಇಂಥ ಆಚಾರ್ಯನಿಗೆ ಇಷ್ಟು ಮತ್ತರು, ಭಾಂಡಾರಿಗರಿಗೆ ಇಷ್ಟು ಮತ್ತರು ಎಂದು ಕೆಲಸಕೆಲಸಕ್ಕೂ ಬೆಳೆಯುವ ಭೂಮಿಯನ್ನು ಗಂಟುಹಾಕಿದನು.

ಇದು ನಾಗಾವಿಯೊಂದರ ರೀತಿಯಲ್ಲ. ನಮ್ಮ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಮೇಲಿಂದ ಮೇಲೆ ಬರುವುದು. ಕಟ್ಟಿದುದು ಒಂದು ದಿನ ಒಡೆಯುವುದು, ಬಿರಿಯುವುದು. ಅದನ್ನು ಸರಿಪಡಿಸುವ ವೆಚ್ಚವನ್ನು ಕಟ್ಟುವ ದಿನವೇ ಎಣಿಸಬೇಕು ಎಂಬ ವಿವೇಕವು ಅದರಲ್ಲಿ ಅಡಗಿರುವುದು. ದತ್ತಿಯನ್ನು ಅಪಹರಿಸಿದವನಿಗೆ ಶಾಸನದ ಕೊನೆಯಲ್ಲಿ ಶಾಪವನ್ನೂ ಬರೆಯುತ್ತಿದ್ದರು. ಅಂದಿನ ಲೆಕ್ಕಪರಿಶೋಧನೆಯು ಅದೇ ಎನ್ನಬಹುದು.

ಇನ್ನು ಚಿಂಚೋಳಿಯ ಕಡೆಗೆ ತಿರುಗೋಣ. ಸೇಡಂ, ಶಹಾಬಾದ, ವಾಡಿಗಳ ಕರಿಯ ಎರೆಭೂಮಿಯಲ್ಲಿ ಮರವೇ ವಿರಳ. ಅಂಥ ಸೀಮೆಯ ಅಂಚಿನಲ್ಲಿ, ತೆಲಂಗಾಣದ ಗಡಿಗೆ ತಾಗಿ, ಕೊಂಚಾವರದ ಬೆಟ್ಟಗಳ ಮೇಲೆ ಎಲೆಯುದುರುವ ಕಾಡು ಉಳಿದುಬಂದಿರುವುದು ಭಾಗ್ಯವೇ ಸರಿ. 1956ರ ವರೆಗೆ ಈ ಸೀಮೆಯು ಹೈದರಾಬಾದಿನಲ್ಲಿತ್ತು. ಆ ವರ್ಷ ಮೈಸೂರು ರಾಜ್ಯಕ್ಕೆ ಸೇರಿತು. 2011ರಲ್ಲಿ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ, 134.88 ಚದರ ಕಿಲೋಮೀಟರು ಕಾಡು ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿ, ಕೃಷ್ಣಮೃಗಗಳು ಇಲ್ಲಿಯ ನಿವಾಸಿಗಳು. ಚಂದ್ರಂಪಳ್ಳಿಯ ಜಲಾಶಯವೂ ಎತ್ತಿಪೋತದ ಜಲಪಾತವೂ ಈ ಕಾಡಿನ ಸೀಮೆಯವೇ.

ಆಜ್ಞೆಯೇನೋ ಹೊರಟಿತು, ಆದರೆ ಆಜ್ಞೆಯು ಬೆಂಕಿಯನ್ನು ಆರಿಸದು. ಒಣಕಾಡಿನ ಶತ್ರುವು ಬೇಸಿಗೆ. ಮಾಘ ಮಾಸ ಕಳೆಯುವುದರೊಳಗೆ ತರಗೆಲೆಗಳನ್ನು ಗುಡಿಸಿ ಬೆಂಕಿರೇಖೆಗಳನ್ನು ತೆರವು ಮಾಡಬೇಕು; ಒಂದು ವರ್ಷ ತಪ್ಪಿದರೆ ಹತ್ತು ವರ್ಷದ ಸಸಿಗಳು ಬೂದಿಯಾಗಬಹುದು. ನೀರಿನ ಹೊಂಡಗಳ ಹೂಳು ತೆಗೆಯಬೇಕು, ಕಾವಲುಗಾರರಿಗೆ ತಿಂಗಳು ತಪ್ಪದೆ ಸಂಬಳ ಸಲ್ಲಬೇಕು. ಕಾಡಿನ ತಾಂಡಾಗಳಲ್ಲಿ ಲಂಬಾಣಿ ಜನರು ಬಾಳುತ್ತಿರುವರು. ಅವರ ಹಕ್ಕುಗಳನ್ನು ವಿಚಾರಿಸಿ, ಕೊಂಡ ಹಕ್ಕಿಗೆ ಬೆಲೆ ಕೊಡಬೇಕೆಂದು ಕಾಯಿದೆಯೇ ವಿಧಿಸಿದೆ. ಇವುಗಳಲ್ಲಿ ಯಾವುದೂ ಉದ್ಘಾಟನೆಯ ಫಲಕವನ್ನು ನೆಡತಕ್ಕ ಕೆಲಸವಲ್ಲ. ಆದುದರಿಂದಲೇ ಬಡತನದ ವರ್ಷ ಬಂದಾಗ ಮೊದಲು ಕಡಿಮೆಯಾಗುವುದು ಇವುಗಳ ಹಣವೇ.

ಈ ಹಣದ ಮೂಲವೆಲ್ಲಿ? ವನ್ಯಜೀವಿಗಳ ನೆಲೆಗಳಿಗೆ ಕೇಂದ್ರದ ನೆರವಿನ ಯೋಜನೆಯುಂಟು. 2015–16ರಿಂದೀಚೆಗೆ ಅದರಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರವು 60, ರಾಜ್ಯವು 40 ಪಾಲು ಹೊರುವ ಕ್ರಮವಾಯಿತು. ಇದು ವರ್ಷದ ಆಯವ್ಯಯಕ್ಕೆ ಕಟ್ಟಿಬಿದ್ದ ಹಣ. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯು ಇದಕ್ಕಿಂತ ದತ್ತಿಯ ಸ್ವಭಾವಕ್ಕೆ ಹತ್ತಿರವಾದುದು: ಆ ಹಣವು ವರ್ಷಾಂತ್ಯಕ್ಕೆ ರದ್ದಾಗದು, ಬಡ್ಡಿಯನ್ನೂ ಪಡೆಯುವುದು, 100ರಲ್ಲಿ 90 ಪಾಲು ರಾಜ್ಯದ ನಿಧಿಗೇ ಸಲ್ಲುವುದು. ಆದರೆ ಅದರ ಬುಗ್ಗೆಯನ್ನು ನೋಡಿದರೆ ಮನಸ್ಸು ಮರುಗುವುದು. ಎಲ್ಲಿಯೋ ಒಂದು ಕಾಡು ಅನ್ಯಕಾರ್ಯಕ್ಕೆ ಹೋದಾಗ ಮಾತ್ರವೇ ಅದಕ್ಕೆ ಹೊಸ ಹಣ ಬರುವುದು. ಒಂದು ವನದ ಶ್ರಾದ್ಧದಿಂದ ಇನ್ನೊಂದು ವನದ ಪೋಷಣೆ.

ನಮ್ಮ ಸೀಮೆಗೆ ಇನ್ನೊಂದು ಮೂಲವುಂಟು. ಅದು ಕಾಲ ಕೆಳಗೇ ಇರುವುದು. ಶಹಾಬಾದದ ಹಾಸುಗಲ್ಲು ಊರೂರಿನ ಅಂಗಳವನ್ನು ಸೇರಿತು. ಸುಣ್ಣಗಲ್ಲಿನಿಂದ ವಾಡಿ, ಸೇಡಂ, ಮಳಖೇಡಗಳಲ್ಲಿ ಸಿಮೆಂಟಿನ ಕಾರ್ಖಾನೆಗಳೆದ್ದವು. 2015ರಲ್ಲಿ ಗಣಿಗಳ ಕಾಯಿದೆಯನ್ನು ತಿದ್ದಿ, ಗಣಿಗಾರಿಕೆಯಿಂದ ಬಾಧಿತವಾದ ಜಿಲ್ಲೆಗಳಲ್ಲಿ ಖನಿಜ ಪ್ರತಿಷ್ಠಾನವನ್ನು ಸ್ಥಾಪಿಸಬೇಕೆಂದು ವಿಧಿಸಲಾಯಿತು. ಪ್ರಧಾನ ಖನಿಜಗಳ ಹಳೆಯ ಗುತ್ತಿಗೆದಾರರು ರಾಜಧನದ 100ಕ್ಕೆ 30ರಷ್ಟನ್ನು, ಹರಾಜಿನ ಹೊಸ ಗುತ್ತಿಗೆದಾರರು 10ರಷ್ಟನ್ನು ಅದಕ್ಕೆ ಸಲ್ಲಿಸಬೇಕು. ಕುಡಿಯುವ ನೀರು, ಆರೋಗ್ಯ, ವಿದ್ಯೆಗಳೊಡನೆ ಪರಿಸರರಕ್ಷಣೆಯೂ ಅದರ ಆದ್ಯ ಕಾರ್ಯಗಳಲ್ಲಿ ಒಂದು. ಧೂಳು ಕುಡಿಯುವ ಗಣಿಯೂರಿನ ಜನರ ಪಾಲು ಮೊದಲನೆಯದು. ಅದನ್ನು ಕಸಿದು ಕಾಡಿಗೆ ಕೊಡಬೇಕೆಂದು ನಾನು ಹೇಳಲಾರೆ. ಆದರೆ ತೆಗೆದ ಕಲ್ಲು ಮತ್ತೆ ಬೆಳೆಯದು. ಮುಗಿದುಹೋಗುವ ಸಂಪತ್ತಿನಿಂದ ಮುಗಿಯದ ಒಂದು ಕಾರ್ಯಕ್ಕೆ ನಿಯಮಗಳೊಳಗೆ ಚಿಕ್ಕದೊಂದು ಶಾಶ್ವತ ಮೂಲಧನವನ್ನು ಕೂಡಿಸಿ, ಅದರ ಬಡ್ಡಿಯನ್ನು ಬೆಂಕಿರೇಖೆಗೂ ಕಾವಲುಗಾರನಿಗೂ ಹೆಸರಿಸಿ ಬರೆದಿಡುವುದು ನ್ಯಾಯವಾಗಿ ತೋರುವುದು.

ದತ್ತಿಯೊಂದೇ ಸಾಲದೆಂಬುದನ್ನೂ ನಾಗಾವಿಯೇ ಹೇಳುವುದು. ಆ ಮತ್ತರುಗಳು ಯಾರದೋ ಹೊಲಗಳಾದವು. ಭಾಂಡಾರಿಗರು ಕಾಯ್ದ ಗ್ರಂಥಗಳು ಇಂದಿಲ್ಲ. ಕಂಬಗಳು ಮಾತ್ರ ನಿಂತಿವೆ. ಹಣದ ಹಿಂದೆ ಲೆಕ್ಕ ಕೇಳುವ ಜನರಿರಬೇಕು. ಕಾಡಿಗೆ ಕಂಬಗಳ ಸೈರಣೆಯೂ ಇಲ್ಲ. ಅದು ಹಾಳಾದರೆ ನೋಡಲು ಅವಶೇಷವೂ ಉಳಿಯದು. ಆದುದರಿಂದ ಚಿಂಚೋಳಿಯ ಕಾಡಿಗೆ ಈ ವರ್ಷ ಬಂದುದೆಷ್ಟು, ಸಂದುದೆಷ್ಟು ಎಂದು ವರ್ಷಕ್ಕೊಮ್ಮೆಯಾದರೂ ಕೇಳುವುದು ಈ ಜಿಲ್ಲೆಯ ವಿದ್ಯಾವಂತರ ಕರ್ತವ್ಯವು.